ಪ್ರಿಂಟರ್ ‘ತಡಿ’ ಅಂದದ್ದು ಕಂಪ್ಯೂಟರ್‌ಗೆ ಕೇಳಿಸಬೇಕು

ನಮ್ಮೂರ ಹಾಲಿನ ಡೇರಿಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ಅದಕ್ಕೊಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತ್ತು. ಬೆಳಿಗ್ಗೆ ಸಂಜೆ ಹಾಲು ಹಾಕಿದವರಿಗೆ ಕೊಡುವ ಚೀಟಿ ಸರಿಯಾಗಿಯೇ ಬರುತ್ತಿತ್ತು. ಹೆಸರು, ಲೀಟರು, ಫ್ಯಾಟು, ರೇಟು, ಮೊತ್ತ, ಒಂದೂ ತಪ್ಪುತ್ತಿರಲಿಲ್ಲ. ಆದರೆ ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಟ್ಟಿ ತೆಗೆಯಲು ಕೂತರೆ ಮೊದಲ ಪುಟ ಮುಗಿಯುವ ಹೊತ್ತಿಗೆ ಅಕ್ಷರಗಳು ಜಾರತೊಡಗುತ್ತಿದ್ದವು. ಎರಡನೇ ಪುಟದಲ್ಲಿ ಅರ್ಧ ಹೆಸರು, ಅದರ ಪಕ್ಕ ಇನ್ನಾರದೋ ಮೊತ್ತ. ಎರಡು ಹಸು ಕಟ್ಟಿಕೊಂಡು ಹದಿನೈದು ದಿನ ಕಾದವರ ದುಡ್ಡಿನ ಲೆಕ್ಕ ಅದು. ಸೆಕ್ರೆಟರಿ ರಿಬ್ಬನ್ ಬದಲಾಯಿಸಿದರು, ಪ್ರಿಂಟರ್‌ನ ಹೆಡ್ ಒರೆಸಿದರು. ಕೊನೆಗೆ ನನ್ನನ್ನು ಕರೆಸಿ, “ಮೊದಲನೇ ಪುಟ ಮುತ್ತಿನಂಗೆ ಬರ್ತದೆ ಕಣಪ್ಪ, ಎರಡನೇದಕ್ಕೆ ಇದಕ್ಕೇನಾಗ್ತದೋ ಗೊತ್ತಿಲ್ಲ” ಎಂದರು.

ಕಾಯಿಲೆ ಪ್ರಿಂಟರ್‌ನಲ್ಲಿ ಇರಲಿಲ್ಲ, ಕಂಪ್ಯೂಟರ್‌ನಲ್ಲೂ ಇರಲಿಲ್ಲ. ಎರಡರ ನಡುವಿನ ಕೇಬಲ್‌ನಲ್ಲಿ ಒಂದು ತಂತಿ ಇರಲಿಲ್ಲ. ಆ ತಂತಿಯ ಕೆಲಸ ಏನೆಂದು ತಿಳಿದರೆ ಸೀರಿಯಲ್ ಪ್ರಿಂಟರ್‌ನ ಮುಕ್ಕಾಲು ಪಾಲು ತಿಳಿದಂತೆ.

ಶಾಲೆಯ ಉಕ್ತಲೇಖನ ನೆನಪಿಸಿಕೊಳ್ಳಿ. ಮೇಷ್ಟ್ರು ಹೇಳುತ್ತಾ ಹೋಗುತ್ತಾರೆ, ಮಕ್ಕಳು ಬರೆಯುತ್ತಾ ಹೋಗುತ್ತಾರೆ. ಹೇಳುವ ಬಾಯಿ ವೇಗ, ಬರೆಯುವ ಕೈ ನಿಧಾನ. ಒಂದೆರಡು ಪದ ಹಿಂದೆ ಬಿದ್ದರೂ ಮಗು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತದೆ. ತೀರಾ ಹಿಂದೆ ಬಿದ್ದಾಗ “ಸಾ, ತಡೀರಿ ಸಾ” ಎನ್ನುತ್ತದೆ. ಮೇಷ್ಟ್ರಿಗೆ ಅದು ಕೇಳಿಸಿದರೆ ನಿಲ್ಲುತ್ತಾರೆ, ಕೇಳಿಸದಿದ್ದರೆ ಮಗುವಿನ ಪುಸ್ತಕದಲ್ಲಿ ಸಾಲುಗಳು ಹಾರಿಹೋಗುತ್ತವೆ. ಕಂಪ್ಯೂಟರ್ ಇಲ್ಲಿ ಮೇಷ್ಟ್ರು, ಪ್ರಿಂಟರ್ ಮಗು, ಮಗುವಿನ ಮನಸ್ಸೇ ಬಫರ್ ಎಂಬ ಪುಟ್ಟ ಮೆಮೊರಿ. ನಮ್ಮ ಡೇರಿಯ ಮೇಷ್ಟ್ರಿಗೆ ಕಿವಿಯೇ ಇರಲಿಲ್ಲ.

ಕೇಬಲ್‌ನಲ್ಲಿ ಹರಿಯುವುದು ಏನು ಎನ್ನುವುದನ್ನು ಮೊದಲು ನೋಡೋಣ. ಸೀರಿಯಲ್ ಎಂದರೆ ಒಂದರ ಹಿಂದೆ ಒಂದು. ಒಂದು ಅಕ್ಷರಕ್ಕೆ ಎಂಟು ಬಿಟ್‌ಗಳಿದ್ದರೆ, ಎಂದರೆ 0 ಅಥವಾ 1 ಎಂಬ ಎಂಟು ಗುರುತುಗಳಿದ್ದರೆ, ಆ ಎಂಟೂ ಒಂದೇ ತಂತಿಯ ಮೇಲೆ ಸಾಲಾಗಿ ಹೋಗುತ್ತವೆ. 1970ರಲ್ಲಿ ಸೆಂಟ್ರಾನಿಕ್ಸ್ ಕಂಪನಿಯ ಪ್ರಿಂಟರ್ ಜೊತೆ ಬಂದ, ಆಮೇಲೆ ಲೋಕದ ತುಂಬಾ ಹರಡಿದ ಪ್ಯಾರಲಲ್ ಪದ್ಧತಿಯಲ್ಲಿ ಎಂಟು ಬಿಟ್‌ಗೆ ಎಂಟು ತಂತಿ, ಎಲ್ಲವೂ ಒಟ್ಟಿಗೆ. ಅದು ವೇಗ, ಆದರೆ ಕೇಬಲ್ ದಪ್ಪ, ಮತ್ತು ಕೆಲವೇ ಮೀಟರ್ ಉದ್ದಕ್ಕೆ ಅದರ ಆಟ ಮುಗಿಯುತ್ತದೆ. ಸೀರಿಯಲ್ ಕೇಬಲ್ ಹದಿನೈದು ಮೀಟರ್ ದೂರಕ್ಕೆ ಆರಾಮವಾಗಿ ಹೋಗುತ್ತದೆ. ಕಂಪ್ಯೂಟರ್ ಒಳಕೋಣೆಯಲ್ಲಿ, ಪ್ರಿಂಟರ್ ಹಾಲು ಅಳೆಯುವ ಕಟ್ಟೆಯ ಹತ್ತಿರ ಇರುವ ಕಡೆಗೆ ಹೇಳಿ ಮಾಡಿಸಿದ್ದು.

ಚೀಟಿಯಲ್ಲಿ ಫ್ಯಾಟ್ 4.1 ಎಂದು ಅಚ್ಚಾಗಬೇಕು ಅಂದುಕೊಳ್ಳಿ. ಅದರ ಮೊದಲ ಅಕ್ಷರ 4. ಆಸ್ಕಿ ಪಟ್ಟಿಯಲ್ಲಿ ‘4’ ಎಂಬ ಅಕ್ಷರದ ಸಂಖ್ಯೆ 52, ಬೈನರಿಯಲ್ಲಿ 00110100. ಇದನ್ನು ಬಲಗಡೆಯ ಬಿಟ್‌ನಿಂದ ಶುರುಮಾಡಿ ಕಳಿಸುವುದು ವಾಡಿಕೆ. ಹಾಗಾಗಿ ತಂತಿಯ ಮೇಲೆ 0, 0, 1, 0, 1, 1, 0, 0 ಎಂಬ ಸಾಲು ಹೊರಡುತ್ತದೆ. ಆದರೆ ಈ ಸಾಲು ಯಾವಾಗ ಶುರುವಾಯಿತು ಎಂದು ಪ್ರಿಂಟರ್‌ಗೆ ಗೊತ್ತಾಗುವುದು ಹೇಗೆ? ಸುಮ್ಮನಿರುವಾಗ ತಂತಿ ಸದಾ 1ರ ಸ್ಥಿತಿಯಲ್ಲಿ ಇರುತ್ತದೆ. ಅಕ್ಷರಕ್ಕೆ ಮುಂಚೆ ಒಂದು 0 ಬರುತ್ತದೆ, ಅದು ಸ್ಟಾರ್ಟ್ ಬಿಟ್. ಅಕ್ಷರ ಮುಗಿದ ಮೇಲೆ ಒಂದು 1, ಅದು ಸ್ಟಾಪ್ ಬಿಟ್. ಎಂಟು ಬಿಟ್‌ನ ಅಕ್ಷರಕ್ಕೆ ಹೀಗೆ ಒಟ್ಟು ಹತ್ತು ಬಿಟ್ ಖರ್ಚು.

ಎರಡು ಕಡೆಯ ಗಡಿಯಾರಗಳನ್ನು ಜೋಡಿಸುವ ತಂತಿ ಇಲ್ಲಿ ಇಲ್ಲ. ಇಬ್ಬರೂ ಮೊದಲೇ ಒಂದು ವೇಗಕ್ಕೆ ಒಪ್ಪಿಕೊಂಡಿರಬೇಕು. ಸೆಕೆಂಡಿಗೆ 9600 ಬಿಟ್ ಎಂದು ಒಪ್ಪಿದ್ದರೆ ಒಂದು ಬಿಟ್ ಸುಮಾರು 104 ಮೈಕ್ರೋಸೆಕೆಂಡ್ ಕಾಲ ತಂತಿಯ ಮೇಲೆ ನಿಲ್ಲುತ್ತದೆ. ಸ್ಟಾರ್ಟ್ ಬಿಟ್‌ನ ಅಂಚು ಕಂಡ ಕ್ಷಣದಿಂದ ಪ್ರಿಂಟರ್ ತನ್ನ ಗಡಿಯಾರದಲ್ಲಿ ಎಣಿಸಿಕೊಂಡು ಪ್ರತಿ ಬಿಟ್‌ನ ನಟ್ಟನಡುವೆ ತಂತಿಯನ್ನು ಇಣುಕಿ ನೋಡುತ್ತದೆ. ಗಡಿಯಾರ ಸ್ವಲ್ಪ ಹಿಂದೆ ಮುಂದೆ ಇದ್ದರೂ ನಡೆಯುತ್ತದೆ, ಏಕೆಂದರೆ ಪ್ರತಿ ಅಕ್ಷರದ ಸ್ಟಾರ್ಟ್ ಬಿಟ್‌ಗೂ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಹತ್ತು ಬಿಟ್ ಮುಗಿಯುವುದರೊಳಗೆ ಅರ್ಧ ಬಿಟ್‌ನಷ್ಟು ತಪ್ಪದಿದ್ದರೆ ಸಾಕು, ಎಂದರೆ ಇಬ್ಬರ ನಡುವೆ ಹೆಚ್ಚೆಂದರೆ ಶೇಕಡ 5ರ ವ್ಯತ್ಯಾಸ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ನೆಚ್ಚಿಕೆಯ ಕೆಲಸ ತೆಗೆದ ಆ ಹಳೆಯ ಟೆಲಿಗ್ರಾಫ್ ಕಾಲದ ಎಂಜಿನಿಯರುಗಳ ಮೇಲೆ ನನಗೆ ದೊಡ್ಡ ಗೌರವ. ವೇಗದ ಅಳತೆಗೆ ಬಾಡ್ ಎಂಬ ಹೆಸರು ಬಂದದ್ದೂ ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಎಮಿಲ್ ಬೋಡೋ ಅವರಿಂದ.

ವೇಗದ ಜೊತೆಗೆ ಇನ್ನೂ ಮೂರು ವಿಷಯಕ್ಕೆ ಒಪ್ಪಂದ ಬೇಕು. ಅಕ್ಷರಕ್ಕೆ ಏಳು ಬಿಟ್ಟೋ ಎಂಟು ಬಿಟ್ಟೋ, ತಪ್ಪು ಹಿಡಿಯಲು ಪ್ಯಾರಿಟಿ ಎಂಬ ಒಂದು ಬಿಟ್ ಸೇರಿಸಬೇಕೋ ಬೇಡವೋ, ಸ್ಟಾಪ್ ಬಿಟ್ ಒಂದೋ ಎರಡೋ. ‘8-ಎನ್-1’ ಎಂದು ಬರೆದಿರುತ್ತಾರಲ್ಲ, ಅದರ ಅರ್ಥ ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್. ಏಳೋ ಎಂಟೋ ಎಂಬುದು ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಮುಖ್ಯವಲ್ಲ, ಆಸ್ಕಿ ಏಳು ಬಿಟ್‌ನಲ್ಲಿ ಮುಗಿಯುತ್ತದೆ. ನಮಗೆ ಮುಖ್ಯ. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಐಎಸ್ 13194 ಎಂದು ಪ್ರಕಟಿಸಿದ ಇಸ್ಕಿ ಸಂಕೇತದಲ್ಲಿ ಕನ್ನಡವೂ ಸೇರಿ ನಮ್ಮ ಲಿಪಿಗಳ ಅಕ್ಷರಗಳೆಲ್ಲ ಮೇಲಿನ 128 ಜಾಗಗಳಲ್ಲಿ ಕೂತಿವೆ. ಏಳು ಬಿಟ್‌ನ ತಂತಿಯಲ್ಲಿ ಕಳಿಸಿದರೆ ಎಂಟನೆಯ ಬಿಟ್ ದಾರಿಯಲ್ಲೇ ಉದುರಿ ಕನ್ನಡದ ಅಕ್ಷರ ಯಾವುದೋ ಇಂಗ್ಲಿಷ್ ಅಕ್ಷರವಾಗಿ ಇಳಿಯುತ್ತದೆ.

ಈ ಒಪ್ಪಂದಗಳಲ್ಲಿ ಯಾವುದು ಮುರಿದಿದೆ ಎಂದು ಕಾಗದ ನೋಡಿಯೇ ಹೇಳಬಹುದು. ಮೊದಲ ಅಕ್ಷರದಿಂದಲೇ ಪೂರ್ತಿ ಕಸ ಬಂದರೆ ವೇಗ ಹೊಂದಿಲ್ಲ. ಕೆಲವು ಬಿಲ್ ಪ್ರಿಂಟರ್‌ಗಳು ಸ್ಟಾಪ್ ಬಿಟ್ ಇರಬೇಕಾದ ಕಡೆ 0 ಕಂಡಾಗ ಆ ಅಕ್ಷರದ ಜಾಗಕ್ಕೆ ಪ್ರಶ್ನೆ ಚಿಹ್ನೆ ಹಾಕುತ್ತವೆ, ಕಾಗದದ ತುಂಬ ಪ್ರಶ್ನೆ ಚಿಹ್ನೆ ಕಂಡರೆ ಪ್ರಿಂಟರ್ ಹಾಳಾಗಿಲ್ಲ ಎಂದೇ ಅರ್ಥ. ಕೆಲವೇ ಅಕ್ಷರ ಬದಲಾಗಿ ಉಳಿದವು ಸರಿ ಇದ್ದರೆ ಪ್ಯಾರಿಟಿ ಅಥವಾ ಏಳು-ಎಂಟರ ಗೊಂದಲ. ಶುರುವಿನಲ್ಲಿ ಸರಿಯಾಗಿ ಬಂದು ಆಮೇಲೆ ಅಕ್ಷರ ಹಾರತೊಡಗಿದರೆ ಅದು ನಮ್ಮ ಡೇರಿಯ ಕಾಯಿಲೆ. ಏನೂ ಬರದಿದ್ದರೆ ತಂತಿಗಳ ಜೋಡಣೆ ನೋಡಬೇಕು. ಆ ಜೋಡಣೆಗೆ ಒಂದು ಕಥೆಯಿದೆ.

ಈ ತಂತಿಗಳ ನಿಯಮವನ್ನು ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮಗಳ ಸಂಘ 1960ರಲ್ಲಿ ಆರ್‌ಎಸ್-232 ಎಂಬ ಹೆಸರಿನಲ್ಲಿ ರೂಪಿಸಿತು. ಬಹುಕಾಲ ಬಾಳಿದ ‘ಸಿ’ ಆವೃತ್ತಿ ಬಂದದ್ದು 1969ರಲ್ಲಿ. ಅವರ ಕಣ್ಣ ಮುಂದೆ ಇದ್ದದ್ದು ಪ್ರಿಂಟರ್ ಅಲ್ಲ. ಒಂದು ತುದಿಯಲ್ಲಿ ಟರ್ಮಿನಲ್, ಇನ್ನೊಂದು ತುದಿಯಲ್ಲಿ ಟೆಲಿಫೋನ್ ಲೈನಿಗೆ ಸೇರಿಸುವ ಮೋಡೆಮ್. ಮೊದಲನೆಯದಕ್ಕೆ ಡಿಟಿಇ, ಎರಡನೆಯದಕ್ಕೆ ಡಿಸಿಇ ಎಂದು ಹೆಸರಿಟ್ಟರು. ಕಂಪ್ಯೂಟರ್ ಡಿಟಿಇ ಆದರೆ, ಆಮೇಲೆ ಬಂದ ಪ್ರಿಂಟರ್‌ಗಳಲ್ಲಿ ಬಹುಪಾಲು ತಾವೂ ಡಿಟಿಇ ಎಂದೇ ಕೂತವು. ಇಬ್ಬರೂ ಒಂದೇ ಪಿನ್‌ನಲ್ಲಿ ಮಾತಾಡಿ ಒಂದೇ ಪಿನ್‌ನಲ್ಲಿ ಕೇಳಿಸಿಕೊಳ್ಳುವವರು. ನೇರ ಕೇಬಲ್ ಹಾಕಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ. ಅದಕ್ಕೇ ತಂತಿಗಳನ್ನು ಅಡ್ಡ ಹಾಯಿಸಬೇಕು. 1984ರ ಐಬಿಎಂ ಪಿಸಿ ಎಟಿಯಿಂದ ರೂಢಿಗೆ ಬಂದ 9 ಪಿನ್ನಿನ ಪೋರ್ಟ್‌ನಲ್ಲಿ ಕಂಪ್ಯೂಟರ್ ಮಾತಾಡುವುದು 3ನೇ ಪಿನ್‌ನಲ್ಲಿ, ಕೇಳುವುದು 2ರಲ್ಲಿ. ಹಳೆಯ 25 ಪಿನ್ನಿನ ಪೋರ್ಟ್‌ನಲ್ಲಿ ಇದು ತಿರುಗಾಮುರುಗಾ, ಮಾತು 2ರಲ್ಲಿ, ಕಿವಿ 3ರಲ್ಲಿ. ಎಷ್ಟು ಜನರ ಎಷ್ಟು ರಾತ್ರಿಗಳನ್ನು ಈ ಒಂದು ಅದಲುಬದಲು ನುಂಗಿದೆಯೋ!

ಕೈಪಿಡಿ ಇಲ್ಲದಿದ್ದರೂ ಮಲ್ಟಿಮೀಟರ್ ಒಂದಿದ್ದರೆ ಇದನ್ನು ಬಿಡಿಸಬಹುದು. ಆರ್‌ಎಸ್-232ರಲ್ಲಿ 1 ಎಂದರೆ ಮೈನಸ್ 3ರಿಂದ ಮೈನಸ್ 15 ವೋಲ್ಟ್, 0 ಎಂದರೆ ಪ್ಲಸ್ 3ರಿಂದ ಪ್ಲಸ್ 15 ವೋಲ್ಟ್. ಸುಮ್ಮನಿರುವ ತಂತಿ 1ರಲ್ಲಿ ಇರುತ್ತದೆ ಎಂದೆನಲ್ಲ, ಹಾಗಾಗಿ ಸಾಧನ ಆನ್ ಆಗಿದ್ದು ಕೇಬಲ್ ಬಿಚ್ಚಿರುವಾಗ ಗ್ರೌಂಡ್ ಪಿನ್‌ಗೆ ಹೋಲಿಸಿ 2 ಮತ್ತು 3ನ್ನು ಅಳೆದು ನೋಡಿ. ಯಾವುದರಲ್ಲಿ ಗಟ್ಟಿಯಾಗಿ ಮೈನಸ್ ವೋಲ್ಟೇಜ್ ಸಿಗುತ್ತದೋ ಅದು ಮಾತಾಡುವ ಪಿನ್. ಸೊನ್ನೆಯ ಹತ್ತಿರ ಇರುವುದು ಕಿವಿ. ಗ್ರೌಂಡ್ 9 ಪಿನ್ನಿನಲ್ಲಿ 5, 25ರಲ್ಲಿ 7.

ಮಾತಿಗೊಂದು, ಕಿವಿಗೊಂದು, ಗ್ರೌಂಡಿಗೊಂದು, ಈ ಮೂರು ತಂತಿ ಇದ್ದರೆ ಅಕ್ಷರ ಅಚ್ಚಾಗುತ್ತದೆ. ಡೇರಿಯ ಕೇಬಲ್‌ನಲ್ಲಿ ಇದ್ದದ್ದೂ ಇಷ್ಟೇ. ಚೀಟಿ ಬಂತು, ಕೇಬಲ್ ಸರಿ ಇದೆ ಎಂದು ಎಲ್ಲರೂ ನಂಬಿದ್ದರು. ಈಗ ಲೆಕ್ಕ ಹಾಕೋಣ.

9600 ಬಿಟ್‌ಗೆ, ಅಕ್ಷರಕ್ಕೆ ಹತ್ತು ಬಿಟ್ಟಿನಂತೆ, ಕಂಪ್ಯೂಟರ್ ಸೆಕೆಂಡಿಗೆ 960 ಅಕ್ಷರ ಕಳಿಸುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಸೆಕೆಂಡಿಗೆ 200 ಅಕ್ಷರ ಬಡಿಯುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 760 ಅಕ್ಷರ ಬಾಕಿ ಉಳಿದು ಬಫರ್‌ಗೆ ಸೇರುತ್ತಾ ಹೋಗುತ್ತದೆ. ಬಫರ್ 4 ಕೆಬಿ, ಎಂದರೆ 4096 ಅಕ್ಷರದ್ದಾದರೆ ಐದೂವರೆ ಸೆಕೆಂಡಿಗೆ ಮುಂಚೆಯೇ ತುಂಬಿತು. ಅಷ್ಟರಲ್ಲಿ ಕಂಪ್ಯೂಟರ್ ಕಳಿಸಿರುವುದು ಸುಮಾರು 5170 ಅಕ್ಷರ. ಒಂದು ಸಾಲಿಗೆ 80 ಅಕ್ಷರ, ಸಾಲು ಮುರಿಯಲು ಇನ್ನೆರಡು, ಒಟ್ಟು 82. ಭಾಗಿಸಿದರೆ 63 ಸಾಲು. 11 ಇಂಚಿನ ಪುಟದಲ್ಲಿ, ಇಂಚಿಗೆ ಆರು ಸಾಲಿನಂತೆ, 66 ಸಾಲು ಹಿಡಿಯುತ್ತದೆ. ಮೊದಲನೇ ಪುಟ ಮುತ್ತಿನಂತೆ ಬರುತ್ತಿದ್ದುದು ಏಕೆ ಎಂದು ಈಗ ಗೊತ್ತಾಯಿತಲ್ಲ! ದಿನದ ಚೀಟಿ ಎಷ್ಟು ಬಂದರೂ ತಪ್ಪದಿದ್ದುದೂ ಅದಕ್ಕೇ. ಅದು ಪೂರ್ತಿಯಾಗಿ ಬಫರ್‌ನಲ್ಲೇ ಹಿಡಿಯುತ್ತಿತ್ತು, ಮುಂದಿನವರ ಹಾಲು ಅಳೆಯುವುದರೊಳಗೆ ಖಾಲಿಯೂ ಆಗುತ್ತಿತ್ತು.

ಬಫರ್ ತುಂಬಿದ ಮೇಲೆ ಪ್ರಿಂಟರ್ ಒಂದು ಅಕ್ಷರ ಬಡಿದಾಗ ಒಂದು ಜಾಗ ಖಾಲಿಯಾಗುತ್ತದೆ, ಆ ಹೊತ್ತಿಗೆ ತಂತಿಯ ಮೇಲಿರುವ ಅಕ್ಷರ ಅಲ್ಲಿ ಕೂರುತ್ತದೆ. ಐದರಲ್ಲಿ ಒಂದು ಉಳಿದು ನಾಲ್ಕು ಹೋಗುತ್ತವೆ. ಹೋದವುಗಳಲ್ಲಿ ಸಾಲು ಮುರಿಯುವ ಸಂಕೇತವೂ ಇದ್ದರೆ ಒಬ್ಬರ ಹೆಸರಿನ ತುಂಡಿನ ಪಕ್ಕ ಇನ್ನೊಬ್ಬರ ಮೊತ್ತದ ತುಂಡು ಬಂದು ನಿಲ್ಲುತ್ತದೆ. ಕಂಪ್ಯೂಟರ್‌ನ ಪರದೆಯ ಮೇಲೆ ಮಾತ್ರ ‘ಪ್ರಿಂಟ್ ಮುಗಿಯಿತು’ ಎಂದೇ ಬರುತ್ತಿತ್ತು.

ಇದನ್ನು ತಡೆಯಲೆಂದೇ ಪ್ರಿಂಟರ್‌ನ 25 ಪಿನ್ನಿನ ಪೋರ್ಟ್‌ನಲ್ಲಿ 20ನೇ ಪಿನ್ ಇದೆ, ಅದರ ಹೆಸರು ಡಿಟಿಆರ್. ನಿಯಮ ಬರೆದವರ ಪ್ರಕಾರ ‘ಟರ್ಮಿನಲ್ ಸಿದ್ಧವಿದೆ’ ಎಂದು ಮೋಡೆಮ್‌ಗೆ ತಿಳಿಸುವ ತಂತಿ ಅದು. ಪ್ರಿಂಟರ್ ತಯಾರಕರು ಅದನ್ನೇ ಬಳಸಿಕೊಂಡರು. ಪ್ಲಸ್ ವೋಲ್ಟೇಜ್ ಇದ್ದರೆ ‘ಕಳಿಸು’, ಮೈನಸ್‌ಗೆ ಇಳಿದರೆ ‘ತಡಿ’. ಬಫರ್ ತುಂಬುತ್ತಾ ಬಂದಾಗ ಇಳಿಯುತ್ತದೆ, ಕಾಗದ ಮುಗಿದಾಗ ಇಳಿಯುತ್ತದೆ, ಯಾರಾದರೂ ಆನ್‌ಲೈನ್ ಬಟನ್ ಒತ್ತಿ ಪ್ರಿಂಟರ್ ನಿಲ್ಲಿಸಿದಾಗಲೂ ಇಳಿಯುತ್ತದೆ. ಈ ತಂತಿ ಕಂಪ್ಯೂಟರ್‌ನ ಡಿಎಸ್‌ಆರ್ ಅಥವಾ ಸಿಟಿಎಸ್ ಪಿನ್‌ಗೆ ಬಂದು ಸೇರಬೇಕು, 9 ಪಿನ್ನಿನಲ್ಲಿ ಅವು 6 ಮತ್ತು 8.

ಡೇರಿಯ ಕೇಬಲ್‌ನ ಟೋಪಿ ಬಿಚ್ಚಿ ನೋಡಿದಾಗ ನನಗೆ ಬೇಸರವಾಯಿತು. ಕೇಬಲ್ ಮಾಡಿಕೊಟ್ಟವರು ಕಂಪ್ಯೂಟರ್ ಕಡೆಯ 7ನೇ ಪಿನ್‌ನಿಂದ 8ಕ್ಕೆ, 4ರಿಂದ 6ಕ್ಕೆ ಚಿಕ್ಕ ತಂತಿಯ ತುಂಡು ಬೆಸೆದಿದ್ದರು. 7 ಎಂದರೆ ‘ಕಳಿಸಲೇ?’ ಎಂದು ಕಂಪ್ಯೂಟರ್ ಕೇಳುವ ಪಿನ್, 8 ಎಂದರೆ ‘ಕಳಿಸು’ ಎಂಬ ಉತ್ತರ ಬರುವ ಪಿನ್. 4 ಅದರ ‘ನಾನು ಸಿದ್ಧ’, 6 ಎದುರಿನವರ ‘ನಾನೂ ಸಿದ್ಧ’. ಎರಡನ್ನೂ ಮನೆಯೊಳಗೇ ಸೇರಿಸಿಬಿಟ್ಟರೆ ಕಂಪ್ಯೂಟರ್ ತಾನು ಕೇಳಿದ ಪ್ರಶ್ನೆಗೆ ತನ್ನದೇ ದನಿಯನ್ನು ಉತ್ತರವೆಂದು ಕೇಳಿಸಿಕೊಳ್ಳುತ್ತದೆ. ಪ್ರಿಂಟರ್ ಆಚೆ ಕಡೆ ಎಷ್ಟು ‘ತಡಿ’ ಅಂದರೂ ಈಚೆ ಸದಾ ‘ಕಳಿಸು, ಕಳಿಸು’. ಹೀಗೆ ಕಟ್ಟಿದ ಕೇಬಲ್‌ಗಳು ಎಲ್ಲ ಕಡೆ ಸಿಗುತ್ತವೆ, ಪರೀಕ್ಷೆಗೆ ಹತ್ತು ಸಾಲು ಅಚ್ಚು ಮಾಡಿ ತೋರಿಸಿದರೆ ಚೆನ್ನಾಗಿಯೇ ಕಾಣುತ್ತವೆ. ಆ ಎರಡು ತುಂಡನ್ನೂ ಕಿತ್ತು, ಪ್ರಿಂಟರ್‌ನ 20ರಿಂದ ಹೊಸ ತಂತಿ ಎಳೆದು ಕಂಪ್ಯೂಟರ್‌ನ 6 ಮತ್ತು 8 ಎರಡಕ್ಕೂ ಬೆಸೆದೆ. ಹಳೆಯ ಪಿಸಿಗಳ ಬಯೋಸ್ ಒಂದೊಂದು ಅಕ್ಷರ ಕಳಿಸುವ ಮುಂಚೆಯೂ ಈ ಎರಡೂ ಪಿನ್‌ಗಳನ್ನು ನೋಡುತ್ತದೆ. ಡಾಸ್‌ನಲ್ಲಿ ಪೋರ್ಟ್‌ನ ವೇಗ ಹೊಂದಿಸುವ ಮೋಡ್ ಆಜ್ಞೆಯ ಕೊನೆಯಲ್ಲಿ ಪಿ ಎಂದು ಸೇರಿಸುತ್ತಿದ್ದುದು ಇದಕ್ಕೇ, ಪ್ರಿಂಟರ್ ತಡೆದರೆ ಸೋತು ಕೂರಬೇಡ, ಮತ್ತೆ ಮತ್ತೆ ಪ್ರಯತ್ನಿಸು ಎಂದು ಹೇಳಲು.

ಪ್ರಿಂಟರ್ ಬಫರ್ ಪೂರ್ತಿ ತುಂಬುವವರೆಗೆ ಕಾದು ‘ತಡಿ’ ಎನ್ನುವುದಿಲ್ಲ. ಸ್ವಲ್ಪ ಜಾಗ ಉಳಿದಿರುವಾಗಲೇ ಎನ್ನುತ್ತದೆ. ಏಕೆಂದರೆ ಕಂಪ್ಯೂಟರ್‌ಗೆ ಅದು ಕೇಳಿಸಿದ ಮೇಲೂ ಕೆಲವು ಅಕ್ಷರ ಬಾಯಿಂದ ಹೊರಟಾಗಿರುತ್ತದೆ. ಸೀರಿಯಲ್ ಪೋರ್ಟ್‌ನ 16550 ಎಂಬ ಚಿಪ್ ತನ್ನೊಳಗೆ 16 ಅಕ್ಷರ ತುಂಬಿಟ್ಟುಕೊಂಡು ಕಳಿಸುತ್ತದೆ, ಪ್ರೋಗ್ರಾಂ ನಿಂತರೂ ಆ 16 ಹೊರಗೆ ಬಂದೇ ಬರುತ್ತವೆ. ಬಫರ್ ದೊಡ್ಡದಿದ್ದರೆ ಇದು ಲೆಕ್ಕಕ್ಕಿಲ್ಲ. ಎಪ್ಸನ್‌ನ ಟಿಎಂ-ಟಿ88 ಸಾಲಿನ ಬಿಲ್ ಪ್ರಿಂಟರ್‌ಗಳಲ್ಲಿ ಬಫರನ್ನು 4 ಕೆಬಿ ಅಥವಾ ಬರೀ 45 ಬೈಟ್ (ಬೈಟ್ ಎಂದರೆ ಎಂಟು ಬಿಟ್, ಒಂದು ಅಕ್ಷರದಷ್ಟು) ಎಂದು ಆರಿಸಿಕೊಳ್ಳುವ ಸ್ವಿಚ್ ಇದೆ. 45 ಎಂದಿಟ್ಟರೆ ಆ 16 ದೊಡ್ಡ ಸಂಖ್ಯೆಯೇ.

ತಂತಿ ಇಲ್ಲದೆಯೂ ‘ತಡಿ’ ಎನ್ನುವ ದಾರಿ ಇದೆ. ಪ್ರಿಂಟರ್ ತನ್ನ ಮಾತಾಡುವ ತಂತಿಯಲ್ಲೇ 19 ಎಂಬ ಬೈಟ್ ಕಳಿಸಿದರೆ ನಿಲ್ಲು, 17 ಕಳಿಸಿದರೆ ಮುಂದುವರಿ. ಇವಕ್ಕೆ ಎಕ್ಸ್‌ಆಫ್, ಎಕ್ಸ್‌ಆನ್ ಎಂದು ಹೆಸರು. ಕೀಬೋರ್ಡ್‌ನಲ್ಲಿ ಕಂಟ್ರೋಲ್-ಎಸ್, ಕಂಟ್ರೋಲ್-ಕ್ಯೂ ಒತ್ತಿದರೆ ಹೋಗುವುದೂ ಇವೇ. ಮೂರೇ ತಂತಿಯ ಕೇಬಲ್‌ಗೆ ಇದು ಸಾಕು, ಆದರೆ ನನಗೆ ಇದರ ಮೇಲೆ ಅಷ್ಟು ಭರವಸೆ ಇಲ್ಲ. ವೋಲ್ಟೇಜ್ ಒಂದು ಸ್ಥಿತಿ, ಯಾವಾಗ ಬೇಕಾದರೂ ನೋಡಬಹುದು. ಬೈಟ್ ಒಂದು ಘಟನೆ, ದಾರಿಯಲ್ಲಿ ಕೆಟ್ಟರೆ ಕೆಟ್ಟಿತು. ಕಳೆದುಹೋದ ‘ನಿಲ್ಲು’ ಅಕ್ಷರಗಳನ್ನು ತಿನ್ನುತ್ತದೆ, ಕಳೆದುಹೋದ ‘ಮುಂದುವರಿ’ ಇಡೀ ಕೆಲಸವನ್ನೇ ನಿಲ್ಲಿಸುತ್ತದೆ. ಪ್ರಿಂಟರ್ ಆಫ್ ಆಗಿದ್ದರಂತೂ ‘ನಿಲ್ಲು’ ಎನ್ನಲು ಅದಕ್ಕೆ ಬಾಯೇ ಇರುವುದಿಲ್ಲ. ಡಿಟಿಆರ್ ತಂತಿಯಾದರೆ ಪ್ರಿಂಟರ್ ಆಫ್ ಆದಾಗ ಪ್ಲಸ್ ವೋಲ್ಟೇಜ್ ತಾನಾಗಿ ಮಾಯವಾಗುತ್ತದೆ.

ನಿಲ್ಲು, ಹೊರಡು ಬಿಟ್ಟು ಪ್ರಿಂಟರ್ ಬೇರೆ ಮಾತೂ ಆಡಬಲ್ಲದು, ಕೇಳಬೇಕಷ್ಟೆ. ಅಂಗಡಿಗಳ ಬಿಲ್ ಪ್ರಿಂಟರ್‌ಗಳಲ್ಲಿ ಹೆಚ್ಚಾಗಿ ನಡೆಯುವ ಇಎಸ್‌ಸಿ-ಪಿಒಎಸ್ ಎಂಬ ಎಪ್ಸನ್ನಿನ ಭಾಷೆಯಲ್ಲಿ 16, 4, 4 ಎಂಬ ಮೂರು ಬೈಟ್ ಕಳಿಸಿದರೆ ‘ಕಾಗದ ಹೇಗಿದೆ?’ ಎಂಬ ಪ್ರಶ್ನೆ. ಉತ್ತರವಾಗಿ ಒಂದೇ ಬೈಟ್ ಬರುತ್ತದೆ. ಅದರ ಒಂದೊಂದು ಬಿಟ್ಟಿಗೂ ಅರ್ಥವಿದೆ, ಕಾಗದ ಮುಗಿಯುತ್ತಾ ಬಂದಿದೆ, ಪೂರ್ತಿ ಮುಗಿದಿದೆ ಹೀಗೆ. ಎಲ್ಲ ಸರಿಯಿದ್ದರೆ 18. ಈ ಉತ್ತರದ ಬೈಟಿನಲ್ಲಿ ಬಲತುದಿಯ ಬಿಟ್ ಯಾವಾಗಲೂ 0 ಇರುವಂತೆ ನಿಗದಿ ಮಾಡಿದ್ದಾರೆ, ಎಂದರೆ ಅದು ಯಾವಾಗಲೂ ಸಮಸಂಖ್ಯೆ. 17 ಮತ್ತು 19 ಬೆಸ. ಹಾಗಾಗಿ ಕಾಗದದ ಸುದ್ದಿಯನ್ನು ಕಂಪ್ಯೂಟರ್ ಎಂದೂ ‘ನಿಲ್ಲು’ ಎಂದು ತಪ್ಪು ತಿಳಿಯುವುದಿಲ್ಲ. ಇಂಥ ಚಿಕ್ಕ ಜಾಣ್ಮೆಗಳನ್ನು ಕಂಡಾಗ ಯಾರೋ ಕೂತು ಕಷ್ಟಪಟ್ಟು ಯೋಚಿಸಿದ್ದಾರೆ ಎಂದು ಮನಸ್ಸು ತುಂಬುತ್ತದೆ.

ಅಚ್ಚಿನ ಆಜ್ಞೆಗಳೂ ಇದೇ ತಂತಿಯಲ್ಲಿ, ಅಕ್ಷರಗಳ ನಡುವೆಯೇ ಬರುತ್ತವೆ. 27 ಎಂಬ ಬೈಟ್, ಎಸ್ಕೇಪ್, ಬಂದರೆ ಮುಂದಿನದು ಅಕ್ಷರವಲ್ಲ, ಆಜ್ಞೆ ಎಂದರ್ಥ. 27, 64 ಎಂದರೆ ಹಳೆಯದೆಲ್ಲ ಮರೆತು ಹೊಸದಾಗಿ ಶುರುಮಾಡು. ಸಾಲು ಮುರಿಯಲು ಎರಡು ಸಂಕೇತ ಏಕೆ ಎಂಬುದಕ್ಕೂ ಉತ್ತರ ಹಳೆಯ ಯಂತ್ರಗಳಲ್ಲಿದೆ. ಸೆಕೆಂಡಿಗೆ ಹತ್ತೇ ಅಕ್ಷರ ಬಡಿಯುತ್ತಿದ್ದ 1963ರ ಟೆಲಿಟೈಪ್ ಮಾಡೆಲ್ 33ರಂಥವುಗಳಲ್ಲಿ ಹೆಡ್ಡನ್ನು ಎಡಕ್ಕೆ ಎಳೆಯುವುದು ಒಂದು ಕೆಲಸ, ಕಾಗದವನ್ನು ಮೇಲಕ್ಕೆ ತಳ್ಳುವುದು ಇನ್ನೊಂದು. ಹೆಡ್ ಎಡಕ್ಕೆ ತಲುಪಲು ಒಂದು ಅಕ್ಷರದ ಸಮಯ ಸಾಲುತ್ತಿರಲಿಲ್ಲ, ಎರಡನೆಯ ಸಂಕೇತ ಅದಕ್ಕೆ ಉಸಿರಾಡಲು ಬಿಡುವು ಕೊಡುತ್ತಿತ್ತು. ‘ತಡಿ’ ಎನ್ನಲು ಬಾರದ ಯಂತ್ರಕ್ಕೆ ಕಳಿಸುವವರೇ ಲೆಕ್ಕ ಹಾಕಿ ತಡೆಯುತ್ತಿದ್ದರು.

ಪುಟವನ್ನೇ ಚಿತ್ರವಾಗಿ ಕಳಿಸಬೇಕಾದಾಗ ಈ ತಂತಿ ಎಷ್ಟು ಸಣ್ಣದು ಎಂದು ಗೊತ್ತಾಗುತ್ತದೆ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕಿಯಂತೆ ಬಿಡಿಸಿದರೆ 2480ಕ್ಕೆ 3508, ಸುಮಾರು 87 ಲಕ್ಷ ಚುಕ್ಕಿ, 10.9 ಲಕ್ಷ ಬೈಟ್. 9600ರ ತಂತಿಯಲ್ಲಿ ಒಂದು ಹಾಳೆಗೆ ಹತ್ತೊಂಬತ್ತು ನಿಮಿಷ ಹತ್ತಿರ. 1985ರ ಆಪಲ್ ಲೇಸರ್‌ರೈಟರ್‌ಗೆ ಚುಕ್ಕಿ ಕಳಿಸುವ ಬದಲು ಪೋಸ್ಟ್‌ಸ್ಕ್ರಿಪ್ಟ್ ಭಾಷೆಯಲ್ಲಿ ‘ಈ ಜಾಗದಲ್ಲಿ ಈ ಅಕ್ಷರ ಇಡು’ ಎಂದು ವರ್ಣನೆ ಕಳಿಸುತ್ತಿದ್ದರು. ಚುಕ್ಕಿ ಬಿಡಿಸುವ ಕೆಲಸ ಪ್ರಿಂಟರ್‌ನೊಳಗೇ ನಡೆಯುತ್ತಿತ್ತು. ಸಣ್ಣ ತಂತಿಗೆ ಅದು ದೊಡ್ಡ ಉಪಕಾರ.

ಈಗ ಸೀರಿಯಲ್ ಪೋರ್ಟ್ ಇರುವ ಲ್ಯಾಪ್‌ಟಾಪ್ ಹುಡುಕಿದರೂ ಸಿಗುವುದು ಕಷ್ಟ. ಯುಎಸ್‌ಬಿಯಲ್ಲಿ ಸಾಧನ ಸಿದ್ಧವಿಲ್ಲದಿದ್ದರೆ ‘ಈಗ ಬೇಡ’ ಎಂಬ ಉತ್ತರ ನಿಯಮದಲ್ಲೇ ಹೆಣೆದುಕೊಂಡಿದೆ, ಅಲ್ಲಿ ಯಾರೂ ತಂತಿ ಕಿತ್ತು ಮೇಷ್ಟ್ರನ್ನು ಕಿವುಡು ಮಾಡಲಾಗದು. ಆದರೆ ಅಂಗೈಯಗಲದ ಬ್ಲೂಟೂತ್ ಬಿಲ್ ಪ್ರಿಂಟರ್‌ಗಳಿವೆಯಲ್ಲ, ಅವುಗಳಲ್ಲಿ ಬಹಳಷ್ಟು ಫೋನಿನ ಜೊತೆ ಮಾತಾಡುವುದು ಸೀರಿಯಲ್ ಪೋರ್ಟ್‌ನ ವೇಷ ಹಾಕಿಕೊಂಡೇ. ಬ್ಲೂಟೂತ್‌ನ ಸೀರಿಯಲ್ ಪೋರ್ಟ್ ಪ್ರೊಫೈಲ್ ಆರ್‌ಎಸ್-232ರ ತಂತಿಗಳನ್ನು ಗಾಳಿಯಲ್ಲಿ ಅನುಕರಿಸುತ್ತದೆ. ‘ತಡಿ’ ಎನ್ನುವ ಬದಲು ಅಲ್ಲಿ ‘ಇನ್ನು ಇಷ್ಟು ಕಂತೆ ಕಳಿಸಬಹುದು’ ಎಂದು ಮುಂಗಡ ಒಪ್ಪಿಗೆ ಕೊಡುವ ಪದ್ಧತಿ ಇದೆ. ಒಪ್ಪಿಗೆ ತೀರಿದರೆ ಕಳಿಸುವವರು ಕಾಯಬೇಕು. ಇದು ಹಳೆಯದಕ್ಕಿಂತ ಒಳ್ಳೆಯ ಪದ್ಧತಿ ಎಂದೇ ನನ್ನ ಅಭಿಪ್ರಾಯ, ಸಂದೇಶ ತಡವಾದರೆ ಇಲ್ಲಿ ನಷ್ಟವಾಗುವುದು ಸಮಯ ಮಾತ್ರ, ಅಕ್ಷರವಲ್ಲ. ಆದರೆ ಈ ಒಪ್ಪಿಗೆ ಬ್ಲೂಟೂತ್ ಚಿಪ್‌ವರೆಗೆ ಮಾತ್ರ. ಪ್ರಿಂಟರ್‌ನ ಹೊಟ್ಟೆಯಲ್ಲಿ ಆ ಚಿಪ್‌ಗೂ ಅಚ್ಚು ಮಾಡುವ ಬೋರ್ಡಿಗೂ ನಡುವೆ ಮತ್ತೆ ಸೀರಿಯಲ್ ತಂತಿಯೇ ಇದ್ದು, ಅಲ್ಲಿ ‘ತಡಿ’ ತಂತಿ ಬಿಟ್ಟುಹೋಗಿದ್ದರೆ ಡೇರಿಯ ಕಾಯಿಲೆ ಹೊಸ ಅಂಗಿ ತೊಟ್ಟು ಬರುತ್ತದೆ.

ಕನ್ನಡದಲ್ಲಿ ಬಿಲ್ ಕೊಡುವವರಿಗೆ ಇದು ಹೆಚ್ಚು ಕಾಡುತ್ತದೆ. ಇಂಥ ಪ್ರಿಂಟರ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಆಕಾರ ಒಳಗೇ ಇರುತ್ತದೆ, ಕನ್ನಡದ್ದು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಫೋನ್ ಕನ್ನಡದ ಸಾಲನ್ನು ಚಿತ್ರವಾಗಿ ಬಿಡಿಸಿ ಚುಕ್ಕಿಗಳನ್ನು ಕಳಿಸುತ್ತದೆ. 58 ಮಿಲಿಮೀಟರ್ ಕಾಗದದ ಮೇಲೆ ಅಡ್ಡಕ್ಕೆ 384 ಚುಕ್ಕಿ, ಎಂದರೆ 48 ಬೈಟ್. ಕೆಳಗೆ ಒತ್ತಕ್ಷರಕ್ಕೆ, ಮೇಲೆ ಗುಡಿಸಿಗೆ ಜಾಗ ಬಿಟ್ಟು 32 ಚುಕ್ಕಿ ಎತ್ತರ ಹಿಡಿದರೆ ಒಂದು ಸಾಲಿಗೆ 1536 ಬೈಟ್. ಅದೇ ಜಾಗದ ಇಂಗ್ಲಿಷ್ ಸಾಲಿಗೆ 32 ಅಕ್ಷರ, ಕೊನೆಗೊಂದು ಸಂಕೇತ, ಒಟ್ಟು 33 ಬೈಟ್. 9600ರ ತಂತಿಯಲ್ಲಿ ಕನ್ನಡದ ಒಂದು ಸಾಲಿಗೆ 1.6 ಸೆಕೆಂಡ್, ಇಪ್ಪತ್ತು ಸಾಲಿನ ಬಿಲ್ಲಿಗೆ ಅರ್ಧ ನಿಮಿಷ. ಇಲ್ಲಿ ಉಕ್ತಲೇಖನ ತಲೆಕೆಳಗಾಗುತ್ತದೆ, ಬರೆಯುವ ಕೈ ಕಾದು ಕೂರುತ್ತದೆ, ಹೇಳುವ ಬಾಯಿ ತಡವರಿಸುತ್ತದೆ. ಕಾಗದ ನಿಂತು ನಿಂತು ಸರಿದು ಅಕ್ಷರಗಳ ನಡುವೆ ಬಿಳಿ ಗೆರೆ ಮೂಡುತ್ತವೆ. 1,15,200ಕ್ಕೆ ಏರಿಸಿದರೆ ಅದೇ ಬಿಲ್ ಮೂರು ಸೆಕೆಂಡಿನೊಳಗೆ ದಾಟುತ್ತದೆ, ಆದರೆ ಆಗ ಬಫರ್ ತುಂಬುವುದೂ ಬೇಗ.

ಚಿತ್ರದಲ್ಲಿ ಬೈಟ್ ಕಳೆದರೆ ಆಗುವ ಹಾನಿಯೂ ದೊಡ್ಡದು. ‘ಮುಂದಿನ 1536 ಬೈಟ್ ಚಿತ್ರ’ ಎಂದು ಮೊದಲೇ ಹೇಳಿರುತ್ತೇವೆ, ಪ್ರಿಂಟರ್ ಎಣಿಸಿಕೊಳ್ಳುತ್ತಾ ಕೂತಿರುತ್ತದೆ. ಹತ್ತು ಬೈಟ್ ಹೋದರೆ ಮುಂದಿನ ಸಾಲಿನ ಆಜ್ಞೆಯಿಂದ ಹತ್ತು ಬೈಟ್ ಎಳೆದುಕೊಂಡು ಅದನ್ನೂ ಚುಕ್ಕಿ ಎಂದು ಅಚ್ಚು ಮಾಡುತ್ತದೆ. ತಲೆ ಕಳೆದುಕೊಂಡ ಮುಂದಿನ ಚಿತ್ರವನ್ನು ಅಕ್ಷರಗಳೆಂದು ಓದತೊಡಗುತ್ತದೆ, ಮಾರುದ್ದ ಕಾಗದ ಕಸ ಕಾರುತ್ತದೆ. ಇನ್ನೊಂದು ಅಪಾಯವನ್ನೂ ಆ್ಯಪ್ ಬರೆಯುವವರು ನೆನಪಿಡಬೇಕು. 16, 4 ಎಂದು ಶುರುವಾಗುವ ಪ್ರಶ್ನೆಯನ್ನು ಎಪ್ಸನ್‌ನಂಥ ಪ್ರಿಂಟರ್‌ಗಳು ಸರದಿಯಲ್ಲಿ ನಿಲ್ಲಿಸದೆ ಬಂದ ಕ್ಷಣವೇ ಉತ್ತರಿಸುತ್ತವೆ. ಚಿತ್ರದ ಚುಕ್ಕಿಗಳಲ್ಲಿ ಆಕಸ್ಮಿಕವಾಗಿ ಅದೇ ಬೈಟ್‌ಗಳು ಸಾಲಾಗಿ ಬಂದರೆ ಯಾರೂ ಕೇಳದ ಪ್ರಶ್ನೆಗೆ ಉತ್ತರ ಬಂದುಬಿಡುತ್ತದೆ.

ಕೇಬಲ್ ಇರಲಿ, ಬ್ಲೂಟೂತ್ ಇರಲಿ, ‘ತಡಿ’ ಕೇಳಿಸುತ್ತಿದೆಯೇ ಎಂದು ನೋಡಲು ನಾನು ಮಾಡುವ ಪರೀಕ್ಷೆ ಒಂದೇ. ಒಂದರಿಂದ ಐನೂರರವರೆಗೆ ಸಾಲಿಗೊಂದು ಸಂಖ್ಯೆ ಹಾಕಿ, ಉಳಿದ ಸಾಲನ್ನು ಅಕ್ಷರಗಳಿಂದ ತುಂಬಿಸಿ ಕಳಿಸುವುದು. ಬಫರ್‌ಗಿಂತ ಎಷ್ಟೋ ದೊಡ್ಡದು ಅದು. ನಡುವೆ ಬೇಕೆಂತಲೇ ಪ್ರಿಂಟರ್ ನಿಲ್ಲಿಸುವುದು, ಬಿಲ್ ಪ್ರಿಂಟರ್ ಆದರೆ ಮುಚ್ಚಳ ತೆಗೆಯುವುದು. ಐದು ನಿಮಿಷ ಬಿಟ್ಟು ಮತ್ತೆ ಶುರುಮಾಡಿ ಸಂಖ್ಯೆ ನೋಡುವುದು.

ಡೇರಿಯಲ್ಲಿ ಬೆಸುಗೆ ಆರಿದ ಮೇಲೆ ಅದನ್ನೇ ಮಾಡಿದೆ. 212ನೇ ಸಾಲು ಬಡಿಯುತ್ತಿದ್ದಾಗ ಆನ್‌ಲೈನ್ ಬಟನ್ ಒತ್ತಿದೆ, ಹೆಡ್ ಸಾಲು ಮುಗಿಸಿ ನಿಂತಿತು. ಸೆಕ್ರೆಟರಿ ಹೊರಗೆ ಹೋಗಿ ಟೀ ಕುಡಿದು, ನನಗೂ ಒಂದು ಲೋಟ ಹಿಡಿದು ಬಂದರು. ಮತ್ತೆ ಬಟನ್ ಒತ್ತಿದೆ. ಕಾಗದದ ಮೇಲೆ 213 ಬಂತು.